ಫೋರ್ಡ್ ಮಾಡೆಲ್ ಟಿ: ಮೂರು ಪೆಡಲ್, ಎರಡು ಗೇರ್, ಒಂದೂವರೆ ಕೋಟಿ ಕಾರು – ಒಳಗೆ ಏನಿದೆ, ಎಲ್ಲಿ ಕೈ ಕೊಡುತ್ತದೆ

ತಿರುಪುಮೊಳೆ:

ಮಾಡೆಲ್ ಟಿ ಅಂದ ಕೂಡಲೇ ಎರಡು ಮಾತು ಬರುತ್ತದೆ: ಅಸೆಂಬ್ಲಿ ಲೈನು ಮತ್ತು ಕಪ್ಪು ಬಣ್ಣ. ಆ ಕಾರು ಓಡುವುದು ಹೇಗೆ, ಅದನ್ನು ಹಾಗೇ ಏಕೆ ಕಟ್ಟಿದರು ಅನ್ನುವುದು ಚರ್ಚೆಗೇ ಬರುವುದಿಲ್ಲ. ಈ ಎಳೆಯನ್ನು ಅದಕ್ಕೆಂದೇ ಇಡೋಣ. ಗೊತ್ತಿದ್ದವರು ಅಳತೆ ಸಮೇತ ಬರೆಯಿರಿ.

ಮೊದಲು ಹಿನ್ನೆಲೆ. ಫೋರ್ಡ್ ಮೋಟಾರ್ ಕಂಪನಿ ಶುರುವಾದದ್ದು 1903ರ ಜೂನ್ 16ರಂದು, ಕೈಯಲ್ಲಿದ್ದ ನಗದು ಸುಮಾರು 28,000 ಡಾಲರ್. ಮಾಡೆಲ್ ಟಿ ಪೇಟೆಗೆ ಬಂದದ್ದು 1908ರ ಅಕ್ಟೋಬರ್ 1ರಂದು. ಮೊದಲ ಕಾರುಗಳು ತಯಾರಾದದ್ದು ಡೆಟ್ರಾಯಿಟ್‌ನ ಪಿಕೆಟ್ ಅವೆನ್ಯೂ ಕಾರ್ಖಾನೆಯಲ್ಲಿ. ಟೂರಿಂಗ್ (ಐದು ಜನ ಕೂರುವ ತೆರೆದ) ಮಾದರಿಗೆ 850 ಡಾಲರ್. ಎಂಜಿನ್ 2.9 ಲೀಟರ್, ನಾಲ್ಕು ಸಿಲಿಂಡರು, ಬೋರ್ 3¾ ಇಂಚು, ಸ್ಟ್ರೋಕ್ 4 ಇಂಚು, 20 ಅಶ್ವಶಕ್ತಿ. ನಾಲ್ಕೂ ಸಿಲಿಂಡರನ್ನು ಒಂದೇ ಎರಕದಲ್ಲಿ ಹೊಯ್ದು, ತಲೆಯನ್ನು (ಸಿಲಿಂಡರ್ ಹೆಡ್) ಮಾತ್ರ ಬಿಚ್ಚಿ ತೆಗೆಯುವಂತೆ ಮಾಡಿದ್ದರು. ಹಳ್ಳಿಯ ಕಮ್ಮಾರ ಕೂಡ ಬೋಲ್ಟು ಬಿಚ್ಚಿ ತಲೆ ಎತ್ತಿ ವಾಲ್ವು ಉಜ್ಜಬಹುದಿತ್ತು. ಚೈಲ್ಡ್ ಹೆರಾಲ್ಡ್ ವಿಲ್ಸ್, ಹಂಗೇರಿಯಿಂದ ಬಂದ ಯೋಜೆಫ್ ಗಾಲಂಬ್, ಯೂಜೀನ್ ಫಾರ್ಕಸ್ ಇವರೆಲ್ಲ ವಿನ್ಯಾಸದಲ್ಲಿ ಕೈಯಾಡಿಸಿದವರು. ಆಕ್ಸಲ್, ಗೇರು, ಸ್ಪ್ರಿಂಗುಗಳಿಗೆ ವನೇಡಿಯಂ ಉಕ್ಕು ಬಳಸಿದ್ದರಿಂದ ಕಾರು ಹಗುರವಾಗಿಯೂ ಗಟ್ಟಿಯಾಗಿಯೂ ಬಂತು.

ಈಗ ಪೆಡಲ್ ವಿಷಯ. ಮೂರು ಪೆಡಲಿನ ಮೇಲೂ ಅಕ್ಷರ ಎರಕ ಹೊಯ್ದಿದೆ: ಎಡಗಡೆ ಸಿ, ನಡುವೆ ಆರ್, ಬಲಗಡೆ ಬಿ. ಎಡದ್ದು ಕ್ಲಚ್ಚು, ನಡುವಿನದು ರಿವರ್ಸು, ಬಲದ್ದು ಬ್ರೇಕು. ಆಕ್ಸಿಲರೇಟರ್ ಪೆಡಲೇ ಇಲ್ಲ. ಸ್ಟೀರಿಂಗ್ ಕೆಳಗೆ ಎರಡು ಕಡ್ಡಿ: ಬಲಗಡೆಯದು ಥ್ರಾಟಲ್, ಎಡಗಡೆಯದು ಕಿಡಿಯ ಸಮಯ.

ಎಡ ಪೆಡಲನ್ನು ಪೂರ್ತಿ ಒತ್ತಿ ಹಿಡಿದರೆ ಲೋ ಗೇರು. ಅರ್ಧಕ್ಕೆ ನಿಲ್ಲಿಸಿದರೆ ನ್ಯೂಟ್ರಲ್. ಹ್ಯಾಂಡ್ ಲಿವರು ಮುಂದೆ ತಳ್ಳಿದ್ದಾಗ ಪೆಡಲಿಂದ ಕಾಲೆತ್ತಿದರೆ ಹೈ ಗೇರು. ಅದೇ ಲಿವರನ್ನು ಪೂರ್ತಿ ಹಿಂದಕ್ಕೆ ಎಳೆದರೆ ಹಿಂದಿನ ಚಕ್ರಕ್ಕೆ ಬ್ರೇಕು ಬೀಳುತ್ತದೆ, ಜೊತೆಗೆ ಕ್ಲಚ್ಚೂ ಬಿಡುತ್ತದೆ. ನೆಟ್ಟಗೆ ನಡುವೆ ನಿಲ್ಲಿಸಿದರೆ ಬ್ರೇಕಿಲ್ಲ, ಬರೀ ನ್ಯೂಟ್ರಲ್. ಹಿಂದೆ ಹೋಗಬೇಕಾದರೆ ಲಿವರನ್ನು ನಡುವೆ ನಿಲ್ಲಿಸಿ ಮಧ್ಯದ ಪೆಡಲ್ ಒತ್ತಬೇಕು.

ಇಂದಿನ ಕಾರಿಗೆ ಒಗ್ಗಿದ ಕಾಲಿಗೆ ಇಲ್ಲೊಂದು ಅಪಾಯ ಇದೆ. ಗಾಬರಿಯಾದಾಗ ಎಡಗಾಲು ತಾನಾಗಿ ಕ್ಲಚ್ ಎಂದುಕೊಂಡು ಪೂರ್ತಿ ಒತ್ತುತ್ತದೆ. ಮಾಡೆಲ್ ಟಿಯಲ್ಲಿ ಹಾಗೆ ಮಾಡಿದರೆ ಕಾರು ಲೋ ಗೇರಿಗೆ ಬಿದ್ದು ಮುಂದಕ್ಕೆ ನುಗ್ಗುತ್ತದೆ. ಬಯಲಿನಲ್ಲಿ ಲಿವರು ಹಿಂದಕ್ಕೆ ಎಳೆಯುವುದನ್ನೇ ಹತ್ತಿಪ್ಪತ್ತು ಸಲ ಅಭ್ಯಾಸ ಮಾಡದೆ ಯಾರೂ ರಸ್ತೆಗೆ ಇಳಿಯಬಾರದು.

ಹೊಸಚಾಲಕ:

ತಿರುಪುಮೊಳೆ ಅವರೇ, ಅಷ್ಟು ಸುತ್ತಿ ಬಳಸುವ ಬದಲು ಮಾಮೂಲಿ ಗೇರ್ ಲಿವರ್ ಯಾಕೆ ಇಡಲಿಲ್ಲ? 1908ರಲ್ಲಿ ಅದು ಇತ್ತಲ್ಲ?

ತಿರುಪುಮೊಳೆ:

ಇತ್ತು. ಆದರೆ ಆಗಿನ ಗೇರ್‌ಬಾಕ್ಸಿನಲ್ಲಿ ಹಲ್ಲಿನ ಚಕ್ರವನ್ನು ಜಾರಿಸಿ ಇನ್ನೊಂದರ ಹಲ್ಲಿಗೆ ಕೂರಿಸಬೇಕಿತ್ತು. ಚಕ್ರಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಇನ್ನೂ ಹುಟ್ಟಿರಲಿಲ್ಲ. ಎರಡೂ ಚಕ್ರದ ವೇಗ ಹೊಂದದಿದ್ದರೆ ಹಲ್ಲು ಕಿರಿಕಿರಿ ಅರೆದು ಮುರಿಯುತ್ತಿತ್ತು. ಫೋರ್ಡ್ ಕಾರು ಮಾರಲು ಹೊರಟದ್ದು ಜೀವನದಲ್ಲಿ ಕುದುರೆಗಾಡಿ ಬಿಟ್ಟು ಬೇರೇನೂ ಓಡಿಸದ ರೈತರಿಗೆ. ಮಾಡೆಲ್ ಟಿಯಲ್ಲಿರುವುದು ಪ್ಲಾನೆಟರಿ ಗೇರು, ಅಂದರೆ ನಡುವಿನ ಚಕ್ರದ ಸುತ್ತ ಚಿಕ್ಕ ಚಕ್ರಗಳು ಸುತ್ತುವ ಬಗೆ. ಅದರಲ್ಲಿ ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತವೆ, ಬೇರ್ಪಡುವುದೇ ಇಲ್ಲ. ಪೆಡಲ್ ಒತ್ತಿದಾಗ ಆಗುವುದು ಇಷ್ಟೇ: ತಿರುಗುತ್ತಿರುವ ಒಂದು ಡ್ರಮ್ಮನ್ನು ಸುತ್ತಲಿನ ಪಟ್ಟಿ ಬಿಗಿದು ನಿಲ್ಲಿಸುತ್ತದೆ. ಯಾವ ಡ್ರಮ್ ನಿಂತಿತೋ ಅದರ ಮೇಲೆ ಲೋ, ರಿವರ್ಸ್, ಬ್ರೇಕ್ ತೀರ್ಮಾನವಾಗುತ್ತದೆ. ಎಷ್ಟು ಒರಟಾಗಿ ಒತ್ತಿದರೂ ಹಲ್ಲು ಅರೆಯುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಲಾಭ. ಕೆಸರಿನಲ್ಲಿ ಚಕ್ರ ಹೂತಾಗ ಲಿವರನ್ನು ನಡುವೆ ಇಟ್ಟು ಎಡಗಾಲಲ್ಲಿ ಲೋ, ಬಲಗಾಲಲ್ಲಿ ರಿವರ್ಸ್ ಒಂದರ ಹಿಂದೊಂದು ಒತ್ತುತ್ತಾ ಹೋದರೆ ಕಾರು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗಿ ಹಳ್ಳದಿಂದ ಎದ್ದು ಬರುತ್ತದೆ. ಲಿವರ್ ಇರುವ ಗೇರ್‌ಬಾಕ್ಸಿನಲ್ಲಿ ಅಷ್ಟು ಬೇಗ ಬದಲಿಸಲು ಆಗುವುದೇ ಇಲ್ಲ. ಮುಂದೊಂದು ಹಿಂದೊಂದು ಅಡ್ಡಡ್ಡ ಸ್ಪ್ರಿಂಗು, ಮೂರೇ ಕಡೆ ಆತುಕೊಂಡ ಎಂಜಿನ್, ಎತ್ತರದ ಚಕ್ರ ಇವೂ ಅದೇ ಲೆಕ್ಕದಲ್ಲಿ ಬಂದವು. ಗಾಡಿಜಾಡಿನಲ್ಲಿ ಚೌಕಟ್ಟು ತಿರುಚಿಕೊಂಡರೂ ಎಂಜಿನ್ ಮೇಲೆ ಒತ್ತಡ ಬೀಳದಿರಲಿ ಎಂದು.

ಎಣ್ಣೆಬತ್ತಿ:

ಸ್ಟಾರ್ಟ್ ಮಾಡುವ ಕ್ರಮ ನಾನು ಬರೆಯುತ್ತೇನೆ. ಎಲೆಕ್ಟ್ರಿಕ್ ಸ್ಟಾರ್ಟರ್ ಸಿಗತೊಡಗಿದ್ದು 1919ರಿಂದ. ಅದಕ್ಕೆ ಮುಂಚಿನ ಎಲ್ಲ ಕಾರಿಗೂ ಹ್ಯಾಂಡಲ್ ಹೊಡೆಯಬೇಕು. ಕೈಮುರಿತದ ಕಥೆಗಳೆಲ್ಲ ಇಲ್ಲಿಂದಲೇ ಹುಟ್ಟಿದ್ದು, ಆದ್ದರಿಂದ ಒಂದು ಹೆಜ್ಜೆಯನ್ನೂ ಹಾರಿಸಬೇಡಿ.

ಮೊದಲು ಲಿವರನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ. ರೇಡಿಯೇಟರ್ ನೀರು ನೋಡಿ. ಎಣ್ಣೆ ನೋಡಲು ಕಡ್ಡಿ ಇಲ್ಲ. ಫ್ಲೈವೀಲ್ ಕವಚದ ಕೆಳಭಾಗದಲ್ಲಿ ಮೇಲೊಂದು ಕೆಳಗೊಂದು ಎರಡು ಚಿಕ್ಕ ನಲ್ಲಿ ಇವೆ. ಕಾರಿನ ಕೆಳಗೆ ಕೈ ಹಾಕಿ ತೆರೆಯಬೇಕು. ಮೇಲಿನದರಲ್ಲಿ ಎಣ್ಣೆ ಬಂದರೆ ತುಂಬಿದೆ ಎಂದರ್ಥ. ಕೆಳಗಿನದರಲ್ಲೂ ಬರಲಿಲ್ಲ ಅಂದರೆ ಎಂಜಿನ್ ಚಾಲೂ ಮಾಡಲೇಬೇಡಿ. ಪೂರ್ತಿ ಬದಲಿಸಿದಾಗ ಸುಮಾರು 3.8 ಲೀಟರ್ ಹಿಡಿಯುತ್ತದೆ.

ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ ತೆರೆಯಿರಿ. ಎಡಗಡೆಯ ಕಿಡಿ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ. ಮೇಲೆ ಅಂದರೆ ಕಿಡಿ ತಡ, ಕೆಳಗೆ ಅಂದರೆ ಬೇಗ. ಬಲಗಡೆಯ ಥ್ರಾಟಲ್ ಐದಾರು ಹಲ್ಲು ಕೆಳಗೆ. ಸ್ವಿಚ್ ಆಫ್ ಇರುವಾಗಲೇ ರೇಡಿಯೇಟರ್ ಪಕ್ಕದ ಚೋಕ್ ತಂತಿ ಎಳೆದು ಹಿಡಿದು ಹ್ಯಾಂಡಲನ್ನು ಕಾಲು ಸುತ್ತಿನಂತೆ ಎರಡು ಮೂರು ಸಲ ಎಳೆಯಿರಿ. ಪೆಟ್ರೋಲ್ ಒಳಗೆ ಸೇರುತ್ತದೆ. ಚೋಕ್ ಬಿಡಿ. ಆಮೇಲೆ ಸ್ವಿಚ್ ಹಾಕಿ.

ಈಗ ಎಡಗೈ. ಹೆಬ್ಬೆರಳು ಹಿಡಿಯ ಸುತ್ತ ಬರಬಾರದು, ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು. ಹ್ಯಾಂಡಲನ್ನು ಒಳಕ್ಕೆ ಒತ್ತಿ ಕೆಳಗಡೆ ಕಚ್ಚಿಸಿ, ಒಂದೇ ಎಳೆತದಲ್ಲಿ ಮೇಲಕ್ಕೆ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಎಂದೂ ಒತ್ತಬೇಡಿ, ಸುತ್ತು ಸುತ್ತು ತಿರುಗಿಸಲೂ ಬೇಡಿ. ಕೆಳಗಿನಿಂದ ಎಡಗೈಯಲ್ಲಿ ಎಳೆಯುವಾಗ ಎಂಜಿನ್ ಹಿಂದಕ್ಕೆ ಒದ್ದರೂ ಹಿಡಿ ಬೆರಳುಗಳಿಂದ ಜಾರಿ ಹೋಗುತ್ತದೆ. ಮೇಲಿನಿಂದ ಒತ್ತುವಾಗ ಒದ್ದರೆ ಮಣಿಕಟ್ಟು ಮುರಿಯುವುದು ಖಂಡಿತ.

ಎಂಜಿನ್ ಹಿಡಿದ ಕೂಡಲೇ ಕಿಡಿ ಕಡ್ಡಿ ಕೆಳಗೆ ಇಳಿಸಿ, ಥ್ರಾಟಲ್ ತಗ್ಗಿಸಿ. ಕಿಡಿ ತಡವಾಗಿಯೇ ಇಟ್ಟು ಓಡಿಸಿದರೆ ಎಂಜಿನ್ ಕುದಿಯುತ್ತದೆ, ಶಕ್ತಿಯೂ ಇರುವುದಿಲ್ಲ.

ಕಬ್ಬಿಣದ_ಕಡಲೆ:

ಎಣ್ಣೆಬತ್ತಿಯವರು ಬರೆದದ್ದಕ್ಕೆ ಒಂದು ಮುಖ್ಯ ಸೇರ್ಪಡೆ. ಕಡ್ಡಿ ಮೇಲಿದೆ ಎಂದ ಮಾತ್ರಕ್ಕೆ ಕಿಡಿ ತಡವಾಗಿದೆ ಎಂದು ನಂಬಬೇಡಿ. ಕಡ್ಡಿಗೂ ಟೈಮರಿಗೂ (ಯಾವ ಸಿಲಿಂಡರಿಗೆ ಯಾವಾಗ ಕಿಡಿ ಎಂದು ತೀರ್ಮಾನಿಸುವ ಭಾಗ) ನಡುವೆ ಒಂದು ಸರಳು ಇದೆ. ನೂರು ವರ್ಷದಲ್ಲಿ ಅದನ್ನು ಯಾರು ಯಾರೋ ಬಗ್ಗಿಸಿರುತ್ತಾರೆ. ಹೊಸದಾಗಿ ಕೈಗೆ ಬಂದ ಕಾರಿನಲ್ಲಿ ಮೊದಲು ಇದನ್ನು ನೋಡಬೇಕು: ನಾಲ್ಕೂ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿನೊಳಗೆ ಒಂದು ಕಡ್ಡಿ ಇಳಿಬಿಟ್ಟು, ಹ್ಯಾಂಡಲನ್ನು ನಿಧಾನ ತಿರುಗಿಸಿ. ಕಂಪ್ರೆಷನ್ ಸುತ್ತಿನಲ್ಲಿ ಪಿಸ್ಟನ್ ತುತ್ತತುದಿಗೆ ಬಂದು ಕೆಳಗೆ ಇಳಿಯಲು ಶುರು ಮಾಡಿದ ಮೇಲೆಯೇ ಕಿಡಿ ಹುಟ್ಟಿಸುವ ಒಂದನೇ ಕಾಯಿಲು ಝುಂಯ್ ಎನ್ನಬೇಕು. ಸುಮಾರು 15 ಡಿಗ್ರಿ ದಾಟಿದ ಮೇಲೆ ಬಂದರೆ ಸರಿ. ತುದಿಗೆ ಬರುವ ಮುಂಚೆಯೇ ಸದ್ದು ಬಂದರೆ ಆ ಕಾರು ಕೈ ಮುರಿಯುತ್ತದೆ. ಸರಳು ಬಗ್ಗಿಸಿ ಸರಿ ಮಾಡಿಕೊಂಡ ಮೇಲೆಯೇ ಹ್ಯಾಂಡಲ್ ಮುಟ್ಟಿ.

ಇನ್ನೊಂದು. ಬ್ಯಾಟರಿಗೆ ಜೋಡಿಸಿದ ಕಾರಿನಲ್ಲಿ ಎಂಜಿನ್ ನಿಲ್ಲುವಾಗ ಒಂದು ಪಿಸ್ಟನ್ ಸರಿಯಾದ ಜಾಗದಲ್ಲಿ ನಿಂತು ಒಳಗೆ ಅನಿಲ ಉಳಿದಿದ್ದರೆ, ಸ್ವಿಚ್ ಹಾಕಿದ ಕೂಡಲೇ ಹ್ಯಾಂಡಲ್ ಮುಟ್ಟದೆಯೇ ಎಂಜಿನ್ ತಾನಾಗಿ ಶುರುವಾಗುತ್ತದೆ. ಸ್ವಿಚ್ ಹಾಕುವಾಗ ಕಾರಿನ ಮುಂದೆ ಯಾರೂ ನಿಲ್ಲಬಾರದು.

ಹೊಸಚಾಲಕ:

ಚಳಿಗಾಲದಲ್ಲಿ ಹ್ಯಾಂಡಲ್ ಹೊಡೆದಾಗ ಕಾರು ಮೆಲ್ಲಗೆ ಮೈಮೇಲೇ ಬರುತ್ತದೆ ಅಂತ ಓದಿದ್ದೆ. ನ್ಯೂಟ್ರಲ್‌ನಲ್ಲಿದ್ದರೂ ಹೇಗೆ ಸಾಧ್ಯ?

ಎಣ್ಣೆಬತ್ತಿ:

ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ, ಅದಕ್ಕೇ. ಕ್ಲಚ್ಚಿನಲ್ಲಿ ಎರಡು ಡಜನ್ ಉಕ್ಕಿನ ಬಿಲ್ಲೆಗಳು ಒಂದರ ಪಕ್ಕ ಒಂದು ಎಣ್ಣೆಯಲ್ಲಿ ಮುಳುಗಿರುತ್ತವೆ. ಚಳಿಗೆ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾದಾಗ ಬಿಲ್ಲೆಗಳು ಅಂಟಿಕೊಂಡು, ಕ್ಲಚ್ ಬಿಟ್ಟಿದ್ದರೂ ಚಕ್ರಕ್ಕೆ ಎಳೆತ ಹೋಗುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿಟ್ಟು, ಉಳಿದ ಚಕ್ರಗಳಿಗೆ ಅಡ್ಡ ಕಟ್ಟಿಗೆ ಕೊಟ್ಟು ಸ್ಟಾರ್ಟ್ ಮಾಡುತ್ತಿದ್ದರು. ಎತ್ತಿದ ಚಕ್ರ ಸುಮ್ಮನೆ ತಿರುಗುತ್ತಿರುತ್ತದೆ. ಜೊತೆಗೆ ಅದೇ ಫ್ಲೈವೀಲಿನ ಹಾಗೆ ನೆರವೂ ಆಗುತ್ತದೆ. ಈಗಿನ ತೆಳು ಮಲ್ಟಿಗ್ರೇಡ್ ಎಣ್ಣೆ, 10 ಡಬ್ಲ್ಯೂ 30 ತರಹದ್ದು, ಹಾಕಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಒಂದೇ ಎಣ್ಣೆಯ ಇನ್ನೊಂದು ಪರಿಣಾಮ ಇದಕ್ಕಿಂತ ಕೆಟ್ಟದ್ದು. ಗೇರಿನ ಪಟ್ಟಿಗಳಿಗೆ ಹತ್ತಿಯ ಲೈನಿಂಗ್. ಅದು ಸವೆದಂತೆ ನೂಲಿನ ಚೂರು ಎಣ್ಣೆಯಲ್ಲಿ ಸೇರುತ್ತದೆ. ಎಣ್ಣೆ ಪಂಪು ಇಲ್ಲ. ಫ್ಲೈವೀಲು ಎಣ್ಣೆಯನ್ನು ಎರಚುತ್ತದೆ, ಒಂದು ಚಿಕ್ಕ ಆಲಿಕೆ ಅದರಲ್ಲಿ ಸ್ವಲ್ಪ ಹಿಡಿದು ಒಂದೇ ಒಂದು ತೆಳು ಕೊಳವೆಯಲ್ಲಿ ಎಂಜಿನ್ ಮುಂಭಾಗಕ್ಕೆ ಕಳಿಸುತ್ತದೆ. ಆ ಕೊಳವೆಗೆ ನೂಲು ಸಿಕ್ಕಿಕೊಂಡರೆ ಮುಂದಿನ ಮೇನ್ ಬೇರಿಂಗು, ಒಂದನೇ ಕನೆಕ್ಟಿಂಗ್ ರಾಡಿನ ಬೇರಿಂಗು ಒಣಗುತ್ತವೆ. ಉದ್ದನೆಯ ಏರು ಹತ್ತುವಾಗ ಎಣ್ಣೆ ಹಿಂದಕ್ಕೆ ಸರಿದು ಇದು ಇನ್ನೂ ಬೇಗ ಆಗುತ್ತದೆ. ಒಂದನೇ ರಾಡಿನ ಬ್ಯಾಬಿಟ್ (ಬೇರಿಂಗಿನ ಮೆದು ಲೋಹ) ಕರಗಿದ ಎಂಜಿನ್ ಸಿಕ್ಕರೆ ಮೊದಲ ಅನುಮಾನ ಈ ಕೊಳವೆಯ ಮೇಲೆ. ಹೊರಗಡೆಯಿಂದ ಎರಡನೇ ಎಣ್ಣೆ ಕೊಳವೆ ಕೂರಿಸುವ ಕಿಟ್ ಆ ಕಾಲದಲ್ಲೇ ಮಾರಾಟಕ್ಕಿತ್ತು. ಇವತ್ತು ಓಡಿಸುವ ಕಾರಿಗೆ ಅದನ್ನು ಹಾಕಿಸುವುದೇ ಒಳ್ಳೆಯದು.

ಕಬ್ಬಿಣದ_ಕಡಲೆ:

ಮ್ಯಾಗ್ನೆಟೊ, ಅಂದರೆ ಕಿಡಿಗೆ ಬೇಕಾದ ಕರೆಂಟು ಹುಟ್ಟಿಸುವ ಭಾಗದ ವಿಷಯ ನನಗೆ ಬಿಡಿ. ಈ ಕಾರಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು.

ಫ್ಲೈವೀಲಿನ ಮುಖದ ಮೇಲೆ ಇಂಗ್ಲಿಷ್‌ನ ವಿ ಅಕ್ಷರದ ಆಕಾರದ 16 ಕಾಯಂ ಅಯಸ್ಕಾಂತ. ಎದುರಿಗೆ ಅಲುಗದ ಚೌಕಟ್ಟಿನ ಮೇಲೆ 16 ತಾಮ್ರದ ಸುರುಳಿ. ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ, ಇಂಚಿನ ಲೆಕ್ಕದಲ್ಲಿ 0.025ರಿಂದ 0.040. ಎಂಜಿನ್ ತಿರುಗಿದರೆ ಸಾಕು, ಎಸಿ ಕರೆಂಟು ಹುಟ್ಟುತ್ತದೆ. ಬ್ಯಾಟರಿ ಬೇಡ. ಬ್ಯಾಟರಿ ಚಾರ್ಜಿಗೆ ಎಲ್ಲಿಗೆ ಹೋಗುವುದು ಎಂದು ತಿಳಿಯದ ಊರುಗಳಲ್ಲಿ ಇದು ದೊಡ್ಡ ವರ. 1915ರಿಂದ ಹೆಡ್‌ಲೈಟೂ ಇದರಿಂದಲೇ ಉರಿಯಿತು. ಅದಕ್ಕೆ ಮುಂಚೆ ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಹುಟ್ಟಿಸುವ ಅಸಿಟಿಲಿನ್ ದೀಪ. ಆದರೆ ವೇಗಕ್ಕೆ ತಕ್ಕ ವೋಲ್ಟೇಜು. ಕಾರು ನಿಧಾನವಾದಂತೆ ದೀಪ ಮಂಕು. ರಾತ್ರಿ ಗುಂಡಿ ಹುಡುಕಲು ನಿಧಾನ ಮಾಡಿದರೆ ಗುಂಡಿಯೇ ಕಾಣುತ್ತಿರಲಿಲ್ಲ.

ಆ ಕರೆಂಟು ಮುಂಭಾಗದ ಟೈಮರಿನ ಮೂಲಕ ಮರದ ಪೆಟ್ಟಿಗೆಯಲ್ಲಿರುವ ನಾಲ್ಕು ಕಾಯಿಲುಗಳಿಗೆ ಸರದಿಯಂತೆ ಹೋಗುತ್ತದೆ. ಪ್ರತಿ ಕಾಯಿಲಿನ ತಲೆಯ ಮೇಲೆ ನಡುಗುವ ಪಾಯಿಂಟು ಇದೆ. ಕಾಯಿಲಿಗೆ ಕರೆಂಟು ಇರುವಷ್ಟು ಹೊತ್ತೂ ಒಂದರ ಹಿಂದೊಂದು ಕಿಡಿ. ಉರಿಯುವ ಸರದಿ 1-2-4-3. ಇಂದಿನ ಕಾರಿನ ಲೆಕ್ಕದಲ್ಲಿ 1-3-4-2 ಜೋಡಿಸಿದರೆ ಎಂಜಿನ್ ಸರಿಯಾಗಿ ಓಡುವುದಿಲ್ಲ. ಪ್ಲಗ್ ಸಂದು 0.025 ಇಂಚು, ಕಾಯಿಲ್ ಪಾಯಿಂಟು 0.030. ಪ್ಲಗ್ಗಿನದು ಅರ್ಧ ಇಂಚಿನ ಪೈಪ್ ಥ್ರೆಡ್ಡು, ಮಾಮೂಲಿ ಪ್ಲಗ್ ಕೂರುವುದಿಲ್ಲ. ಅದು ಕೊನೆಗೆ ಹೋದಂತೆ ಬಿಗಿಯಾಗುವ ಜಾತಿ, ಬಲ ಹಾಕಿ ತಿರುಗಿಸಿದರೆ ತಲೆ ಬಿರುಕು ಬಿಡುತ್ತದೆ.

ಒಂದು ಸಿಲಿಂಡರ್ ಮಿಸ್ ಆಗುತ್ತಿದೆಯೇ? ಎಂಜಿನ್ ಓಡುತ್ತಿರುವಾಗ ಒಣ ಮರದ ಕಡ್ಡಿಯಿಂದ ಒಂದೊಂದೇ ಕಾಯಿಲಿನ ಪಾಯಿಂಟು ಅದುಮಿ ಹಿಡಿಯಿರಿ. ಯಾವುದನ್ನು ಅದುಮಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತಿರುವುದು. ಆ ಕಾಯಿಲನ್ನು ಪಕ್ಕದ ಗೂಡಿನ ಕಾಯಿಲಿನ ಜೊತೆ ಅದಲು ಬದಲು ಮಾಡಿ. ಮಿಸ್ಸು ಕಾಯಿಲಿನ ಜೊತೆ ಹೋದರೆ ಕಾಯಿಲು ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ಗು, ತಂತಿ ಅಥವಾ ಟೈಮರು. ಐದು ನಿಮಿಷದ ಕೆಲಸ, ಒಂದು ಉಪಕರಣವೂ ಬೇಡ. ಕೆಟ್ಟ ಕಾಯಿಲಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಒಳಗಿನ ಹಳೆಯ ಕಾಗದದ ಕಂಡೆನ್ಸರು ಸೋರುತ್ತಿರುತ್ತದೆ. ಹೊಸದು ಬೆಸೆದ ಮೇಲೆ ಪಾಯಿಂಟನ್ನು ಕಿವಿಯಿಂದ ಸರಿ ಮಾಡಬೇಡಿ. ಮೀಟರಿನಲ್ಲಿ 1.3 ಆಂಪಿಯರ್ ಹತ್ತಿರ ನಾಲ್ಕೂ ಒಂದೇ ಸಮ ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಆದರೆ ನಾಲ್ಕು ಸಿಲಿಂಡರಿಗೂ ನಾಲ್ಕು ಟೈಮಿಂಗ್ ಆಗುತ್ತದೆ.

ಕೊನೆಯದಾಗಿ, ಮ್ಯಾಗ್ನೆಟೊ ಟರ್ಮಿನಲ್‌ಗೆ ಬ್ಯಾಟರಿಯ ತಂತಿ ಮುಟ್ಟಿಸಲೇಬಾರದು. ಡಿಸಿ ಹರಿದರೆ ಅಯಸ್ಕಾಂತದ ಶಕ್ತಿ ಹೋಗುತ್ತದೆ, ಆಮೇಲೆ ಎಂಜಿನ್ ಇಳಿಸುವ ತನಕ ದಾರಿ ಉದ್ದ. ಮ್ಯಾಗ್ನೆಟೊ ತಾನಾಗಿ ಕುಗ್ಗಿತು ಎನಿಸಿದರೆ ಮೊದಲು ಗೇರ್ ಕವಚದ ಮೇಲಿನ ಟರ್ಮಿನಲ್ ಬಿಚ್ಚಿ ಅದರ ತುದಿ ಒರೆಸಿ ನೋಡಿ. ಎಣ್ಣೆಬತ್ತಿ ಹೇಳಿದ ಅದೇ ನೂಲು ಅಲ್ಲೂ ಕೂತಿರುತ್ತದೆ.

ಗಾಲಿಗುರುತು:

ಪಟ್ಟಿ ಬಿಗಿ ಮಾಡುವುದು ಯಾರೂ ಹೇಳಲಿಲ್ಲ. ಲೋ ಪಟ್ಟಿಯದು ಸುಲಭ: ಗೇರ್ ಕವಚದ ಬಲಬದಿಯಲ್ಲಿ ಹೊರಗೇ ಸ್ಕ್ರೂ ಇದೆ. ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಬಲಕ್ಕೆ ತಿರುಗಿಸಿ. ಪೆಡಲು ಕಾಲಡಿಯ ಹಲಗೆಗೆ ತಾಗುವ ಮೊದಲೇ ಪಟ್ಟಿ ಪೂರ್ತಿ ಹಿಡಿಯಬೇಕು. ರಿವರ್ಸ್ ಮತ್ತು ಬ್ರೇಕಿನದಕ್ಕೆ ಹಲಗೆ ತೆಗೆದು ಕವಚದ ಮೇಲಿನ ಬಾಗಿಲು ಬಿಚ್ಚಬೇಕು, ಒಳಗಿನ ಪೆಡಲ್ ಶಾಫ್ಟಿನ ನಟ್ಟುಗಳನ್ನು ಬಲಕ್ಕೆ.

ಬಾಗಿಲು ತೆಗೆದ ಮರುಕ್ಷಣ ದೊಡ್ಡ ಬಟ್ಟೆಯೊಂದನ್ನು ಒಳಗೆ ಹರಡಿ ಅದರ ತುದಿಯನ್ನು ಹೊರಗೆ ಬಿಟ್ಟಿರಿ. ಒಂದು ನಟ್ಟು ಕೈಜಾರಿ ಒಳಗೆ ಬಿದ್ದರೆ ಅದು ನೇರ ಮ್ಯಾಗ್ನೆಟೊ ಕಡೆಗೆ ಹೋಗುತ್ತದೆ. ಆ ಒಂದು ಮಿಲಿಮೀಟರ್ ಸಂದಿಗೆ ಸಿಕ್ಕಿತು ಅಂದರೆ ಸುರುಳಿಗಳ ಕಥೆ ಮುಗಿಯಿತು. ಹುಡುಕಿ ತೆಗೆಯದೆ ಎಂಜಿನ್ ತಿರುಗಿಸಬಾರದು.

ಅತಿ ಬಿಗಿಯೂ ತಪ್ಪು. ಹೈ ಗೇರಿನಲ್ಲಿ ಓಡುವಾಗಲೂ ಪಟ್ಟಿ ಡ್ರಮ್ಮಿಗೆ ಉಜ್ಜುತ್ತಿದ್ದರೆ ಡ್ರಮ್ ಕಾದು ಬಿರುಕು ಬಿಡುತ್ತದೆ. ಹೈ ಗೇರಿನಲ್ಲಿ ಕ್ಲಚ್ ಜಾರುತ್ತಿದ್ದರೆ ಮೂರು ಕ್ಲಚ್ ಬೆರಳುಗಳ ಸ್ಕ್ರೂಗಳನ್ನು ತಲಾ ಅರ್ಧ ಸುತ್ತು ಬಲಕ್ಕೆ. ಮೂರಕ್ಕೂ ಒಂದೇ ಅಳತೆ, ಆಮೇಲೆ ಕಾಟರ್ ಪಿನ್ ಹಾಕುವುದನ್ನು ಮರೆಯಬಾರದು.

ಇದೆಲ್ಲಕ್ಕಿಂತ ದೊಡ್ಡ ವಿಷಯ ಬ್ರೇಕು. ಪೆಡಲ್ ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನ ಡ್ರಮ್ಮನ್ನು ಹಿಡಿಯುತ್ತದೆ. ಆ ಹಿಡಿತ ಡ್ರೈವ್ ಶಾಫ್ಟು, ಪಿನಿಯನ್, ರಿಂಗ್ ಗೇರು, ಡಿಫರೆನ್ಷಿಯಲ್, ಆಕ್ಸಲ್ ಎಲ್ಲ ದಾಟಿ ಚಕ್ರಕ್ಕೆ ಮುಟ್ಟಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಬ್ರೇಕ್ ಇಲ್ಲ. ಎರಡು ಆಕ್ಸಲ್‌ನಲ್ಲಿ ಒಂದೇ ಮುರಿದರೂ ಡಿಫರೆನ್ಷಿಯಲ್ ಕಾರಣಕ್ಕೆ ಎರಡೂ ಚಕ್ರದ ಹಿಡಿತ ಹೋಗುತ್ತದೆ. ಉಳಿಯುವುದು ಹ್ಯಾಂಡ್ ಲಿವರು. 1925ರ ತನಕ ಅದರದ್ದು ಬರೀ 8 ಇಂಚಿನ ಡ್ರಮ್ಮು, ಎರಕದ ಶೂ, ಲೈನಿಂಗೂ ಇಲ್ಲ. ನಿಂತ ಕಾರನ್ನು ಹಿಡಿದಿಡಲು ಸಾಕು, ಇಳಿಜಾರಿನಲ್ಲಿ ಓಡುವ ಕಾರನ್ನು ನಿಲ್ಲಿಸಲು ಸಾಲದು. 1926ರಿಂದ 11 ಇಂಚು ಮಾಡಿ ಲೈನಿಂಗ್ ಕೊಟ್ಟರು.

ಈ ಸರಪಳಿಯ ದುರ್ಬಲ ಕೊಂಡಿ ಡಿಫರೆನ್ಷಿಯಲಿನ ಎರಡೂ ಪಕ್ಕದ ಥ್ರಸ್ಟ್ ವಾಷರು, ಅಂದರೆ ಅದು ಪಕ್ಕಕ್ಕೆ ಸರಿಯದಂತೆ ತಡೆಯುವ ಬಿಲ್ಲೆ. ಕಾರ್ಖಾನೆಯಿಂದ ಬಂದದ್ದು ಬ್ಯಾಬಿಟ್, ಅಂದರೆ ತವರ ಸೀಸದ ಜಾತಿಯ ಮೆದು ಲೋಹ. ದಶಕಗಳು ಕಳೆದಂತೆ ಅದು ಒಣ ಚಕ್ಕುಲಿಯ ಹಾಗೆ ಪುಡಿಯಾಗುತ್ತದೆ. ಪುಡಿಯಾದಾಗ ರಿಂಗ್ ಗೇರು ಪಕ್ಕಕ್ಕೆ ಸರಿದು ಪಿನಿಯನ್ನಿಂದ ಬಿಟ್ಟುಕೊಳ್ಳುತ್ತದೆ. ಆಗ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಹಿಂದಿನ ಮಾಲೀಕರು ಬದಲಿಸಿದ್ದೇವೆ ಎಂದರೂ ಕಣ್ಣಾರೆ ನೋಡದೆ ನಂಬಬೇಡಿ. ಆಕ್ಸಲ್ ಬಿಚ್ಚಿ, ಕಂಚಿನ ವಾಷರ್ ಹಾಕಿ, ಆಮೇಲೆ ಓಡಿಸಿ. ಮಾಡೆಲ್ ಟಿಗೆ ಖರ್ಚು ಮಾಡಲು ಇರುವ ಮೊದಲ ರೂಪಾಯಿ ಬಣ್ಣಕ್ಕಲ್ಲ, ಇದಕ್ಕೆ.

ಹಳೇ_ರಶೀದಿ:

ಕಾರ್ಖಾನೆಯ ಕಡೆಗೆ ಸ್ವಲ್ಪ ಬರೋಣ, ಏಕೆಂದರೆ ಅಸೆಂಬ್ಲಿ ಲೈನು ಶುರುವಾದದ್ದೇ ಕಬ್ಬಿಣದ_ಕಡಲೆ ವರ್ಣಿಸಿದ ಆ ಮ್ಯಾಗ್ನೆಟೊದಿಂದ. 1910ರಲ್ಲಿ ಕಂಪನಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ಹೋಯಿತು. 1913ರ ಏಪ್ರಿಲ್ 1ರವರೆಗೆ ಅಲ್ಲಿ ಒಬ್ಬ ಕೆಲಸಗಾರ ಒಂದು ಪೂರ್ತಿ ಮ್ಯಾಗ್ನೆಟೊ ಜೋಡಿಸುತ್ತಿದ್ದ, ಸುಮಾರು 20 ನಿಮಿಷ. ಕೆಲಸವನ್ನು 29 ಜನರಿಗೆ ಹಂಚಿ, ಒಬ್ಬರಿಂದ ಒಬ್ಬರಿಗೆ ಸರಿಸಿದಾಗ ಅದು 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಬಗ್ಗಿ ಬಗ್ಗಿ ಸೊಂಟ ನೋಯುತ್ತಿತ್ತು. ಸಾಲನ್ನು 8 ಇಂಚು ಎತ್ತರಿಸಿದರು, 7 ನಿಮಿಷ ಆಯಿತು. ಚೈನು ಹಾಕಿ ವೇಗ ಹೊಂದಿಸಿದ ಮೇಲೆ 5 ನಿಮಿಷ. ಎಂಟು ಇಂಚಿನ ಎತ್ತರಕ್ಕೆ ಹತ್ತಿರ ಹತ್ತಿರ ಅರ್ಧ ಸಮಯ ಉಳಿಯಿತು ಅನ್ನುವುದನ್ನು ಯಾವ ವರ್ಕ್‌ಶಾಪಿನವರೂ ಮರೆಯಬಾರದು.

ಅದೇ ವರ್ಷ ಚಾಸಿಗೂ (ಕಾರಿನ ಅಡಿಚೌಕಟ್ಟು) ಅದನ್ನೇ ತಂದರು. ಒಂದು ಚಾಸಿ ಜೋಡಣೆಗೆ ಬೇಕಾಗುತ್ತಿದ್ದ 12 ಗಂಟೆ 28 ನಿಮಿಷದ ದುಡಿಮೆ 1914ರ ವಸಂತದ ಹೊತ್ತಿಗೆ 93 ನಿಮಿಷಕ್ಕೆ ಬಂತು. ಇದನ್ನೆಲ್ಲ ಹೆನ್ರಿ ಫೋರ್ಡ್ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಚಾರ್ಲ್ಸ್ ಸೊರೆನ್ಸೆನ್, ಪೀಟರ್ ಮಾರ್ಟಿನ್, ಕ್ಲಾರೆನ್ಸ್ ಏವರಿ, ವಿಲಿಯಂ ಕ್ಲಾನ್ ಇವರ ಕೈ ದೊಡ್ಡದು. ಷಿಕಾಗೊದ ಕಸಾಯಿಖಾನೆಯಲ್ಲಿ ತೂಗುಹಾಕಿದ ಪ್ರಾಣಿಯ ಒಡಲನ್ನು ಒಬ್ಬೊಬ್ಬ ಒಂದೊಂದು ಭಾಗ ಕತ್ತರಿಸುವ ಸಾಲನ್ನು ಕ್ಲಾನ್ ನೋಡಿ ಬಂದಿದ್ದರು. ಅಲ್ಲಿ ಬಿಚ್ಚುವುದನ್ನು ಇಲ್ಲಿ ಜೋಡಿಸುವುದಕ್ಕೆ ತಿರುಗಿಸಿದರು.

ಸಾಲಿನ ಇನ್ನೊಂದು ಮುಖವನ್ನೂ ಬರೆಯಬೇಕು. ದಿನವಿಡೀ ಒಂದೇ ನಟ್ಟು ತಿರುಗಿಸುವ ಕೆಲಸ ಜನಕ್ಕೆ ಹಿಡಿಸಲಿಲ್ಲ. 1913ರಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ 370. ಅದನ್ನು ತಡೆಯಲೆಂದೇ 1914ರ ಜನವರಿ 5ರಂದು ದಿನಕ್ಕೆ 5 ಡಾಲರ್ ಘೋಷಿಸಿದ್ದು. ಅದುವರೆಗೆ 9 ಗಂಟೆಗೆ 2.34 ಡಾಲರ್ ಇತ್ತು. ಈಗ 8 ಗಂಟೆ. ಆದರೆ ಅದರಲ್ಲಿ ಸುಮಾರು ಅರ್ಧ ಲಾಭದ ಪಾಲು, ಅದು ಸಿಗಬೇಕಾದರೆ ಕಂಪನಿಯ ಸಮಾಜ ವಿಭಾಗದವರು ಮನೆಗೆ ಬಂದು ಕುಡಿತ, ಉಳಿತಾಯ, ಮನೆಯ ಶುಚಿ ಎಲ್ಲ ನೋಡಿ ಒಪ್ಪಬೇಕಿತ್ತು. ಔದಾರ್ಯ ಎಂದು ಮಾತ್ರ ಬರೆಯುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಹೊಸಚಾಲಕ:

ಕಪ್ಪು ಬಣ್ಣ ಬೇಗ ಒಣಗುತ್ತಿತ್ತು, ಅದಕ್ಕೇ ಎಲ್ಲ ಕಾರೂ ಕಪ್ಪು ಅನ್ನುತ್ತಾರಲ್ಲ, ಅದು ನಿಜವೇ?

ಹಳೇ_ರಶೀದಿ:

ಎಲ್ಲ ಕಾರೂ ಕಪ್ಪು ಅನ್ನುವುದೇ ತಪ್ಪು. ಮೊದಲ ವರ್ಷಗಳ ಮಾಡೆಲ್ ಟಿ ಕೆಂಪು, ಬೂದು, ಹಸಿರು, ಆಮೇಲೆ ಕಡುನೀಲಿ. ಕಪ್ಪೊಂದೇ ಎಂದಾದದ್ದು 1914ರಿಂದ 1925ರವರೆಗೆ. 1926ರಲ್ಲಿ ಬಣ್ಣಗಳು ಮರಳಿ ಬಂದವು. ಒಣಗುವ ವೇಗ ಒಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಕಾರಿನ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಜಾತಿಯ ಕಪ್ಪು ಬಳಿಯುತ್ತಿದ್ದರು. ಮುಳುಗಿಸಿ ತೆಗೆಯುವುದಕ್ಕೆ ಒಂದು, ಮೇಲಿನಿಂದ ಸುರಿಯುವುದಕ್ಕೆ ಒಂದು, ಒಲೆಯಲ್ಲಿ ಬೇಯಿಸುವುದಕ್ಕೆ ಒಂದು. ಡಾಂಬರು ಮೂಲದ ಆ ಬಣ್ಣ ಅಗ್ಗ, ಗಟ್ಟಿ, ತೇವಕ್ಕೆ ಜಗ್ಗುವುದಿಲ್ಲ. ಮೇಲಾಗಿ ಒಂದೇ ಬಣ್ಣವಾದರೆ ಯಾವ ಮಡ್‌ಗಾರ್ಡ್ ಯಾವ ಕಾರಿಗೂ ಸಲ್ಲುತ್ತದೆ, ಸಾಲು ನಿಲ್ಲುವುದಿಲ್ಲ. ಬೆಲೆ ಇಳಿದದ್ದು ಇಂಥ ಲೆಕ್ಕಗಳಿಂದ: 1925ರ ಹೊತ್ತಿಗೆ ರನ್‌ಅಬೌಟ್ (ಎರಡು ಸೀಟಿನ ತೆರೆದ) ಮಾದರಿ 260 ಡಾಲರಿಗೆ ಸಿಗುತ್ತಿತ್ತು.

ಭಾರತದಲ್ಲಿ ಹಳೆಯ ಮಾಡೆಲ್ ಟಿ ನೋಡುವವರಿಗೆ ಒಂದು ಸೂಚನೆ. ಬ್ರಿಟನ್ ಮತ್ತು ಐರ್ಲೆಂಡ್ ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆಯ ಹಕ್ಕು ಇದ್ದದ್ದು ಫೋರ್ಡ್ ಕೆನಡಾಕ್ಕೆ. ಡೆಟ್ರಾಯಿಟ್ ನದಿಯ ಆಚೆ ದಡದ ವಾಕರ್‌ವಿಲ್‌ನಲ್ಲಿ 1904ರಲ್ಲಿ ಶುರುವಾದ ಕಂಪನಿ ಅದು. ಬಲಗಡೆ ಸ್ಟೀರಿಂಗ್ ಇರುವ ಕಾರುಗಳು ಅಲ್ಲಿಂದ ಬರುತ್ತಿದ್ದವು. ಮುಂಬಯಿಯಲ್ಲಿ 1926ರಲ್ಲಿ ಸ್ಥಾಪಿಸಿದ ಫೋರ್ಡ್ ಇಂಡಿಯಾ ಕೂಡ ಕೆನಡಾದ ಅಂಗಸಂಸ್ಥೆಯೇ. ಗುರುತು ಹಿಡಿಯುವುದು ಬಾಗಿಲಿನಿಂದ. ಅಮೆರಿಕದ ಟೂರಿಂಗ್ ಕಾರಿನಲ್ಲಿ 1925ರ ತನಕ ಮುಂದಿನ ಎಡ ಬಾಗಿಲು ಬರೀ ತಗಡಿನ ಮೇಲೆ ಒತ್ತಿದ ಗೆರೆ, ತೆರೆಯುವುದಿಲ್ಲ. ಕೆನಡಾದ್ದರಲ್ಲಿ ಮುಂದಿನ ಎರಡೂ ಬಾಗಿಲು ತೆರೆಯುತ್ತವೆ. ಬಾಡಿಯ ಸ್ಕ್ರೂ ತಲೆಯಲ್ಲಿ ಚೌಕ ಕುಳಿ ಇದ್ದರೂ ಕೆನಡಾದ್ದೇ. ಅದು ರಾಬರ್ಟ್‌ಸನ್ ಸ್ಕ್ರೂ. ಅದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ಕುಳಿ ಹಾಳು ಮಾಡಬೇಡಿ, ಚೌಕ ಬಿಟ್ ತರಿಸಿಕೊಳ್ಳಿ.

ಕಬ್ಬಿಣದ_ಕಡಲೆ:

ಇಷ್ಟು ಗಟ್ಟಿ ಕಾರು 1927ಕ್ಕೆ ನಿಂತದ್ದೇಕೆ ಎಂಬುದು ಇದೇ ಎಳೆಗೆ ಸೇರಿದ್ದು. ಅದನ್ನು ಯಾವ ರಸ್ತೆಗೆಂದು ಕಟ್ಟಿದರೋ ಆ ರಸ್ತೆಯೇ ಬದಲಾಯಿತು. ಡಾಂಬರು ಬಂದ ಮೇಲೆ ಜನಕ್ಕೆ ವೇಗ ಬೇಕಾಯಿತು, ಈ ಕಾರು ಗಂಟೆಗೆ 40–45 ಮೈಲಿಯ ಮೇಲೆ ಹೋಗುವುದಿಲ್ಲ. ಷೆವರ್ಲೆ ಮೂರು ಗೇರಿನ ಕಾರು ಕೊಟ್ಟಿತು. ಅದರ ಒಡೆಯ ಕಂಪನಿ ಜನರಲ್ ಮೋಟಾರ್ಸ್ 1919ರಿಂದ ಕಂತಿನ ಸಾಲವನ್ನೂ ಕೊಡುತ್ತಿತ್ತು, ಹೆನ್ರಿ ಫೋರ್ಡ್‌ಗೆ ಸಾಲದ ಮಾರಾಟ ಹಿಡಿಸುತ್ತಿರಲಿಲ್ಲ. ಮಗ ಎಡ್ಸೆಲ್ ಹೊಸ ಕಾರಿಗೆ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 1927ರ ಮೇ 26ರಂದು ಒಂದೂವರೆ ಕೋಟಿಯ ಕಾರು ಹೊರಬಂದು ಸಾಲು ನಿಂತಿತು. ಮಾಡೆಲ್ ಎ ಡಿಸೆಂಬರಿನಲ್ಲಿ ಬರುವ ತನಕ ಆರು ತಿಂಗಳು ಮಾರಲು ಹೊಸ ಕಾರೇ ಇರಲಿಲ್ಲ. ಬಿಡಿ ಎಂಜಿನ್ ಮಾತ್ರ 1941ರವರೆಗೂ ತಯಾರಾಯಿತು.

ಹೊಸಚಾಲಕ:

ಕೊನೆಯ ಪ್ರಶ್ನೆ. ಮಾಡೆಲ್ ಟಿ ಏರು ಹತ್ತಲಾರದೆ ಹಿಂದುಮುಂದಾಗಿ ಹತ್ತುತ್ತಿತ್ತು ಅನ್ನುತ್ತಾರೆ. ಎಂಜಿನ್ ಅಷ್ಟು ದುರ್ಬಲವೇ?

ಎಣ್ಣೆಬತ್ತಿ:

ಎಂಜಿನ್ ಅಲ್ಲ, ಪೆಟ್ರೋಲು. ಪಂಪು ಇಲ್ಲ. ಟ್ಯಾಂಕು ಮುಂದಿನ ಸೀಟಿನ ಕೆಳಗೆ, ಅಲ್ಲಿಂದ ಕಾರ್ಬೊರೇಟರಿಗೆ ತಾನಾಗಿ ಹರಿದು ಬರಬೇಕು. ಟ್ಯಾಂಕ್ ತಳ ಮುಟ್ಟಿರುವಾಗ ಕಡಿದಾದ ಏರಿನಲ್ಲಿ ಮೂತಿ ಮೇಲೆದ್ದರೆ ಕಾರ್ಬೊರೇಟರ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗುತ್ತದೆ, ಎಂಜಿನ್ ಕೆಮ್ಮಿ ನಿಲ್ಲುತ್ತದೆ. ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿದರೆ ಟ್ಯಾಂಕು ಮೇಲಾಗುತ್ತದೆ. ಜೊತೆಗೆ ಲೋ ಗೇರಿನ ಅನುಪಾತ 2.75, ರಿವರ್ಸಿನದು 4. ಎಳೆಯುವ ಶಕ್ತಿ ಅದರಲ್ಲೇ ಹೆಚ್ಚು. 1926ರಲ್ಲಿ ಹೆಚ್ಚಿನ ಮಾದರಿಗಳ ಟ್ಯಾಂಕನ್ನು ಡ್ಯಾಶ್‌ಬೋರ್ಡಿನ ಮುಂದಕ್ಕೆ, ಎತ್ತರಕ್ಕೆ ತಂದ ಮೇಲೆ ಈ ಕಾಟ ತಪ್ಪಿತು. ಹಳೆಯ ಕಾರನ್ನು ಘಟ್ಟಕ್ಕೆ ಒಯ್ಯುವ ಯೋಚನೆ ಇದ್ದರೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಅಳೆಯಲು ಡ್ಯಾಶ್‌ಬೋರ್ಡಿನಲ್ಲಿ ಮುಳ್ಳಿಲ್ಲ: ಸೀಟು ಎತ್ತಿ, ಮುಚ್ಚಳ ತೆಗೆದು, ಮರದ ಕಡ್ಡಿ ಅದ್ದಿ ನೋಡಬೇಕು.

ಗಾಲಿಗುರುತು:

ಘಟ್ಟ ಅಂದಿರಲ್ಲ, ಒಯ್ಯುವ ಮುಂಚೆ ಇನ್ನೊಂದನ್ನು ನೋಡಿಕೊಳ್ಳಿ. ಎಂಜಿನ್ ನಿಂತಿರುವಾಗ ಮುಂದಿನ ಕ್ರ್ಯಾಂಕ್ ಪುಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಿ. ಆಟ ಒಂದು ಅಂಚೆ ಕಾರ್ಡಿನ ದಪ್ಪಕ್ಕಿಂತ ಹೆಚ್ಚಿದ್ದರೆ ಹಿಂದಿನ ಮೇನ್ ಬೇರಿಂಗಿನ ಥ್ರಸ್ಟ್ ಮುಖ ಸವೆದಿದೆ. ಹಾಗೇ ಓಡಿಸಿದರೆ ಅಯಸ್ಕಾಂತಗಳು ಸುರುಳಿಗೆ ತಾಗುತ್ತವೆ.